ನಾನು ಎಲ್ಲಿಗೂ ಹೋಗುವುದಿಲ್ಲ

ಪರೀಕ್ಷೆ ಮುಗಿದು ರಜೆ ಶುರುವಾಗುವ ನಡುವೆ ನಾಲ್ಕೈದು ದಿನ ಇರುತ್ತವಲ್ಲ, ಪ್ರಾಥಮಿಕ ಶಾಲೆಯಲ್ಲಿ ಅವು ಯಾರಿಗೂ ಬೇಡವಾದ ದಿನಗಳು. ಪಾಠ ಮುಗಿದಿರುತ್ತದೆ. ಗೋಡೆಯ ಚಾರ್ಟ್‌ಗಳನ್ನು ಕಿತ್ತು ಸುತ್ತಿಟ್ಟಾಗಿರುತ್ತದೆ, ಗಮ್ಮಿನ ಕಲೆ ಮಾತ್ರ ಉಳಿದಿರುತ್ತದೆ. ಮಕ್ಕಳ ಮೈ ಬೆಂಚಿನ ಮೇಲೆ, ಜೀವ ಗೇಟಿನ ಆಚೆ. ಟೀಚರಿನ ಮುಂದೆ ಅಂಕಪಟ್ಟಿಗಳ ರಾಶಿ. ಆಗ ಚಾಕ್‌ಪೀಸ್ ಹಿಡಿದ ಕೈ ತಾನಾಗೇ ಬೋರ್ಡಿನ ಕಡೆ ಹೋಗುತ್ತದೆ. ‘ಬೇಸಿಗೆ ರಜೆಯಲ್ಲಿ ನಾನು ಏನು ಮಾಡುತ್ತೇನೆ? ಹತ್ತು ವಾಕ್ಯ ಬರೆಯಿರಿ. ಕೆಳಗೆ ಚಿತ್ರ ಬಿಡಿಸಿ.’ ಅರ್ಧ ಗಂಟೆ ತರಗತಿ ತಣ್ಣಗಿರುತ್ತದೆ. ನಿಜ ಹೇಳಬೇಕೆಂದರೆ ನಮಗೆ ಬೇಕಾಗಿದ್ದು ಆ ಅರ್ಧ ಗಂಟೆಯೇ.

ನಾನೂ ಎಷ್ಟೋ ವರ್ಷ ಈ ಸಾಲು ಬರೆದಿದ್ದೇನೆ. ಒಂದು ವರ್ಷ ಅದು ಗಂಟಲಿಗೆ ಸಿಕ್ಕಿಕೊಂಡಿತು. ಮೂರನೇ ತರಗತಿ. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದಾರೆ, ಕಿಟಕಿ ಪಕ್ಕದ ಬೆಂಚಿನ ಹುಡುಗ ಮಾತ್ರ ಉಜ್ಜುತ್ತಿದ್ದಾನೆ. ನಾನು ಅಂಕ ಕೂಡುತ್ತಾ ಒಮ್ಮೆ ನೋಡಿದೆ, ಉಜ್ಜುತ್ತಿದ್ದ. ಎರಡನೇ ಸಲ ನೋಡಿದೆ, ಆಗಲೂ ಉಜ್ಜುತ್ತಿದ್ದ. ಮೂರನೇ ಸಲ ಎದ್ದು ಹೋದೆ. ರಬ್ಬರಿನ ಕಪ್ಪು ಪುಡಿ ಹಾಳೆಯ ತುಂಬ ಬಿದ್ದಿತ್ತು. ನಡುವೆ ಹಾಳೆ ಸವೆದು ಸಣ್ಣ ತೂತಾಗಿತ್ತು. ಪೆನ್ಸಿಲನ್ನು ಒತ್ತಿ ಬರೆಯುವ ಹುಡುಗ ಅವನು. ಅಳಿಸಿದ್ದರೂ ಅಕ್ಷರದ ಗೀರು ಉಳಿದಿತ್ತು, ‘ಸಮುದ್ರ’ ಅಂತ ಓದಬಹುದಿತ್ತು. ತೂತಿನ ಕೆಳಗೆ ಒಂದೇ ವಾಕ್ಯ: ‘ನಾನು ಎಲ್ಲಿಗೂ ಹೋಗುವುದಿಲ್ಲ.’ ಅದರ ಕೆಳಗೆ ಅಂಚಿನಲ್ಲಿ 2ರಿಂದ 10ರ ತನಕ ಅಂಕೆಗಳನ್ನು ನೀಟಾಗಿ ಹಾಕಿಕೊಂಡಿದ್ದ. ಪ್ರತಿ ಅಂಕೆಯ ಪಕ್ಕ ಒಂದು ಚುಕ್ಕಿ. ಮುಂದೆಲ್ಲ ಖಾಲಿ.

ಆಗ ನಾನೊಂದು ದಡ್ಡ ಮಾತು ಆಡಿದೆ. ‘ಪರವಾಗಿಲ್ಲ ಮರಿ, ಸುಮ್ನೆ ಏನಾದ್ರೂ ಕಲ್ಪಿಸಿಕೊಂಡು ಬರಿ’ ಅಂದೆ. ಅವನು ತಲೆ ಎತ್ತಿ ಕೇಳಿದ: ‘ಸುಳ್ಳು ಬರೀಬಹುದಾ ಟೀಚರ್?’

ಬರೆಯಬಹುದು ಅಂದರೆ ಒಂದು ಕಷ್ಟ, ಬರೆಯಬಾರದು ಅಂದರೆ ಇನ್ನೊಂದು. ನಾನು ಏನೂ ಹೇಳದೆ ಅವನ ಭುಜ ತಟ್ಟಿ ವಾಪಸ್ ಬಂದೆ. ಹೇಳಲು ಮಾತು ತೋಚದಾಗ ಟೀಚರುಗಳು ಭುಜ ತಟ್ಟುತ್ತಾರೆ. ಆಮೇಲೆ ಆ ಅಂಕಪಟ್ಟಿಯಲ್ಲಿ ಎರಡು ಸಲ ಕೂಡಿಸಿದ್ದು ತಪ್ಪಾಯಿತು.

ಯಾರ ಯೋಜನೆ?

ಆ ತೂತು ಬಹಳ ದಿನ ತಲೆಯಲ್ಲೇ ಕೂತಿತ್ತು. ಮೊದಲಿಗೆ ನನಗೆ ಅನಿಸಿದ್ದು ಸುಲಭದ ವಿಷಯ. ಎಲ್ಲರ ಮನೆಯಲ್ಲೂ ಪ್ರವಾಸ ಹೋಗುವಷ್ಟು ಅನುಕೂಲ ಇರುವುದಿಲ್ಲ, ಹಾಗಾಗಿ ಈ ಪ್ರಶ್ನೆ ಕೆಲವು ಮಕ್ಕಳನ್ನು ಚುಚ್ಚುತ್ತದೆ, ಅಷ್ಟೇ ಅಂದುಕೊಂಡೆ. ಅದು ಸುಳ್ಳಲ್ಲ. ಆದರೆ ಉಳಿದವರ ಹಾಳೆಗಳನ್ನು ಮತ್ತೆ ಓದಿದಾಗ ಬೇರೆ ಏನೋ ಕಂಡಿತು. ಪ್ರವಾಸ ಹೋಗುವ ಮಕ್ಕಳ ಬರಹವೂ ಸಪ್ಪೆ! ‘ನಾವು ರೈಲಿನಲ್ಲಿ ಹೋಗುತ್ತೇವೆ. ನಾವು ಹೋಟೆಲಿನಲ್ಲಿ ಇರುತ್ತೇವೆ. ನಾವು ಫೋಟೋ ತೆಗೆಯುತ್ತೇವೆ. ತುಂಬಾ ಮಜಾ ಇರುತ್ತದೆ.’ ಇಪ್ಪತ್ತು ಹಾಳೆಗಳ ಹೆಸರು ಅದಲುಬದಲು ಮಾಡಿದರೂ ಗೊತ್ತಾಗುತ್ತಿರಲಿಲ್ಲ. ಎಲ್ಲ ಕಡೆ ‘ನಾವು’. ‘ನಾನು’ ಅನ್ನುವುದು ಎಲ್ಲೂ ಇಲ್ಲ.

ಇರುವುದಾದರೂ ಹೇಗೆ? ಎಂಟು ವರ್ಷದ ಮಗುವಿಗೆ ರಜೆಯ ಯೋಜನೆ ಎಲ್ಲಿಂದ ಬರಬೇಕು? ಟಿಕೆಟ್ ಕಾಯ್ದಿರಿಸುವುದು ದೊಡ್ಡವರು. ಯಾವ ವಾರ, ಯಾರ ಮನೆ, ಎಷ್ಟು ದಿನ, ಎಲ್ಲ ಮಗು ಮಲಗಿದ ಮೇಲೆ ನಿರ್ಧಾರವಾಗುತ್ತದೆ. ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ ಕೂಡ. ಮಗುವಿನ ಕೈಯಲ್ಲಿ ಹಣವಿಲ್ಲ, ಮನೆಯ ಬೀಗದಕೈ ಇಲ್ಲ, ಕ್ಯಾಲೆಂಡರ್ ಇಲ್ಲ. ಹಾಗಿರುವಾಗ ‘ನಿನ್ನ ಯೋಜನೆ ಬರಿ’ ಅಂದರೆ ಅದು ಬರೆಯುವುದು ಅಪ್ಪ ಅಮ್ಮನ ಯೋಜನೆ. ಅಲ್ಲೊಂದು ಇಲ್ಲೊಂದು ಕಿವಿಗೆ ಬಿದ್ದ ಮಾತು. ಕಿಟಕಿ ಪಕ್ಕದ ಹುಡುಗ ಉಳಿದವರಿಗಿಂತ ಪ್ರಾಮಾಣಿಕನಾಗಿದ್ದ, ಅಷ್ಟೇ.

ಇಲ್ಲಿ ನಮ್ಮ ಭಾಷೆಯ ಒಂದು ಚೋದ್ಯವೂ ಇದೆ. ಮಾತಿನಲ್ಲಿ ನಮಗೆ ಭವಿಷ್ಯಕ್ಕೆ ಬೇರೆ ಕ್ರಿಯಾಪದವೇ ಇಲ್ಲ. ‘ದಿನಾ ಶಾಲೆಗೆ ಹೋಗ್ತೀನಿ’ ಅನ್ನುವಾಗಲೂ ‘ಹೋಗ್ತೀನಿ’, ‘ನಾಳೆ ಅಜ್ಜಿ ಮನೆಗೆ ಹೋಗ್ತೀನಿ’ ಅನ್ನುವಾಗಲೂ ‘ಹೋಗ್ತೀನಿ’. ‘ಹೋಗುವೆನು’ ವ್ಯಾಕರಣ ಪುಸ್ತಕದಲ್ಲಿದೆ, ಮಕ್ಕಳ ಬಾಯಲ್ಲಿಲ್ಲ. ಹಾಗಾಗಿ ಮಗು ‘ಹೋಗುತ್ತೇನೆ’ ಎಂದು ಬರೆದರೆ ಅದು ಖಾತ್ರಿಯೋ, ಆಸೆಯೋ, ಅಪ್ಪ ಹೇಳಿದ್ದೋ, ತಿಳಿಯುವುದಿಲ್ಲ. ಆದರೆ ಇನ್ನೊಂದು ರೂಪವಿದೆ, ನನಗೆ ಬಹಳ ಇಷ್ಟವಾದದ್ದು. ಹೋದೇನು. ಬಂದಾನು. ಮಳೆ ಬಂದೀತು. ವ್ಯಾಕರಣದವರು ಇದಕ್ಕೆ ಸಂಭಾವನಾರ್ಥ ಅನ್ನುತ್ತಾರೆ. ಆಗಲೂಬಹುದು, ಆಗದೆಯೂ ಇರಬಹುದು, ನನ್ನ ಕೈಲಿಲ್ಲ ಅನ್ನುವ ಮಾತನ್ನು ಒಂದೇ ಪದದಲ್ಲಿ ಮಡಚಿಟ್ಟ ರೂಪ. ಮಕ್ಕಳ ರಜೆಯೆಲ್ಲ ನಿಜವಾಗಿ ಇದೇ ರೂಪದಲ್ಲಿರುತ್ತದೆ. ‘ಸಮುದ್ರ ನೋಡಲು ಹೋದೇನು.’ ಇಷ್ಟು ಬರೆಯಲು ಬಂದಿದ್ದರೆ ಆ ಹುಡುಗ ಹಾಳೆ ತೂತು ಮಾಡುತ್ತಿರಲಿಲ್ಲವೇನೋ. ಮುಂದಿನ ವರ್ಷ ಇದನ್ನು ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟೆ. ಮಕ್ಕಳು ಎರಡು ದಿನ ಎಲ್ಲದಕ್ಕೂ ‘ಬಂದೇನು, ತಿಂದೇನು, ಹೊಡೆದೇನು’ ಅಂತ ಕೂಗಾಡಿ ನನ್ನ ತಲೆ ಚಿಟ್ಟು ಹಿಡಿಸಿದರು. ಅದು ಬೇರೆ ಮಾತು.

ಮುಂದಿನದನ್ನು ಯೋಚಿಸಲು ಮಕ್ಕಳಿಗೆ ಬರುವುದೇ ಇಲ್ಲ ಅಂತಲ್ಲ. 2005ರಲ್ಲಿ ಬಸ್ಬಿ ಮತ್ತು ಸಡನ್‌ಡಾರ್ಫ್ ಎಂಬ ಇಬ್ಬರು ಸಂಶೋಧಕರು ಪುಟ್ಟ ಮಕ್ಕಳಿಗೆ ಬಹಳ ಸರಳ ಪ್ರಶ್ನೆ ಕೇಳಿದರು. ನಿನ್ನೆ ಏನು ಮಾಡಿದೆ? ನಾಳೆ ಏನು ಮಾಡ್ತೀಯಾ? ಮೂರು ವರ್ಷದವರಿಗೆ ಎರಡೂ ಕಷ್ಟವಾಯಿತು. ನಾಲ್ಕು ಐದು ವರ್ಷದವರು ಎಷ್ಟೋ ವಾಸಿ. ನೆನಪು ಮತ್ತು ಮುಂದಾಲೋಚನೆ ಜೊತೆಜೊತೆಗೆ ಬೆಳೆಯುತ್ತವೆ ಅನ್ನುವುದಕ್ಕೆ ಇದನ್ನೂ ಒಂದು ಆಧಾರವಾಗಿ ಹೇಳುತ್ತಾರೆ. ನನಗೆ ಹಿಡಿಸಿದ್ದು ಅವರ ಪ್ರಶ್ನೆಯ ಅಳತೆ. ಅವರು ಕೇಳಿದ್ದು ನಾಳೆಯ ಬಗ್ಗೆ. ನಾವು ಮೂರನೇ ತರಗತಿಗೆ ಕೇಳುವುದು ಎರಡು ತಿಂಗಳ ಬಗ್ಗೆ. ದೊಡ್ಡವರಿಗೇ ಅದು ಜಾಸ್ತಿ.

ಹತ್ತು ವಾಕ್ಯದ ಕಾಟ

ಇನ್ನು ಆ ‘ಹತ್ತು ವಾಕ್ಯ’ದ ಕಥೆ. ಯಾರು ಶುರು ಮಾಡಿದರೋ. ಹತ್ತು ವಾಕ್ಯ ಅಂದ ಕೂಡಲೇ ಮಗು ಅಂಚಿನಲ್ಲಿ ಅಂಕೆ ಹಾಕಿಕೊಳ್ಳುತ್ತದೆ, ಬರೆಯುವುದು ಎಣಿಸುವ ಕೆಲಸವಾಗುತ್ತದೆ. ಏಳಕ್ಕೆ ಬಂದಾಗ ‘ಟೀಚರ್, ಏಳು ಸಾಕಾ?’ ಎಂಬ ಚೌಕಾಸಿ. ಮಕ್ಕಳ ಬರವಣಿಗೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಬರೈಟರ್ ಮತ್ತು ಸ್ಕಾರ್ಡಮೇಲಿಯಾ 1987ರಲ್ಲಿ ವಿವರಿಸಿದ್ದು ಇದನ್ನೇ. ಎಳೆಯರು ಬರೆಯುವಾಗ ವಿಷಯದ ಹೆಸರು ಕೇಳಿದ ತಕ್ಷಣ ತಲೆಗೆ ಬಂದದ್ದನ್ನು ಇಳಿಸುತ್ತಾರೆ, ಅದು ಇನ್ನೊಂದನ್ನು ನೆನಪಿಸಿದರೆ ಅದನ್ನೂ ಇಳಿಸುತ್ತಾರೆ, ನೆನಪಾಗುವುದು ನಿಂತರೆ ಪೆನ್ಸಿಲೂ ನಿಲ್ಲುತ್ತದೆ. ಹಿಂದೆ ತಿರುಗಿ ನೋಡಿ, ನಾನು ಹೇಳಬೇಕಾದ್ದು ಇದೇನಾ ಅಂತ ಕೇಳಿಕೊಳ್ಳುವುದು ಬಹಳ ಆಮೇಲೆ ಬರುವ ಅಭ್ಯಾಸ. ಅವರು ಇನ್ನೊಂದು ಸ್ವಾರಸ್ಯವನ್ನೂ ಗಮನಿಸಿದರು. ‘ಮುಗೀತು’ ಅಂದ ಮಗುವಿಗೆ ಏನನ್ನೂ ಸೂಚಿಸದೆ ‘ಇನ್ನೂ ಸ್ವಲ್ಪ ಬರಿ’ ಎಂದಷ್ಟೇ ಹೇಳಿದರೂ ಮಗು ಮತ್ತಷ್ಟು ಬರೆಯುತ್ತದಂತೆ. ಅಂದರೆ ಸರಕು ಖಾಲಿಯಾಗಿರಲಿಲ್ಲ. ಮಾತಿನಲ್ಲಾದರೆ ಎದುರಿಗಿದ್ದವರು ‘ಹೂಂ, ಆಮೇಲೆ?’ ಅನ್ನುತ್ತಾರೆ. ಹಾಳೆ ಹೂಂಗುಟ್ಟುವುದಿಲ್ಲ.

ಇದನ್ನು ಓದಿದ ಮೇಲೆ ನಾನು ಮಾಡಿದ ಮೊದಲ ಬದಲಾವಣೆ ಬರೆಯುವುದಕ್ಕೂ ಮೊದಲು ಮಾತಾಡಿಸಿದ್ದು. ಇಬ್ಬಿಬ್ಬರು ಎದುರುಬದುರು ಕೂತುಕೊಳ್ಳಬೇಕು. ಒಬ್ಬರು ಹೇಳಬೇಕು, ಇನ್ನೊಬ್ಬರು ‘ಆಮೇಲೆ?’ ಅಂತ ಮಾತ್ರ ಕೇಳಬೇಕು. ಬೇರೆ ಏನೂ ಹೇಳಬಾರದು. ಐದು ನಿಮಿಷ. ತರಗತಿ ಸಂತೆಯಾಗುತ್ತದೆ, ಪಕ್ಕದ ತರಗತಿಯವರು ಬಂದು ಇಣುಕುತ್ತಾರೆ, ಪರವಾಗಿಲ್ಲ. ಎರಡನೇ ಬದಲಾವಣೆ, ಲೆಕ್ಕ ತೆಗೆದುಹಾಕಿದ್ದು. ಅಕ್ಷರ ಕೂಡಿಸುವುದಕ್ಕೇ ಅರ್ಧ ಗಮನ ಖರ್ಚಾಗುವ ವಯಸ್ಸು ಅದು. ಒತ್ತಕ್ಷರ ಎಲ್ಲಿ ಕೂರಬೇಕು, ದೀರ್ಘವೋ ಹ್ರಸ್ವವೋ ಅಂತ ಒದ್ದಾಡುವ ಮಗುವಿಗೆ ಹತ್ತು ವಾಕ್ಯದ ಹೊರೆಯೂ ಸೇರಿದರೆ ಯೋಚನೆಗೆ ಜಾಗ ಎಲ್ಲಿ? ಮೂರು ಒಳ್ಳೆಯ ವಾಕ್ಯ ಸಾಕು ಅಂದೆ. ಕೆಲವರು ನಿಜಕ್ಕೂ ಮೂರೇ ಬರೆದು ಓಡಿಹೋದರು. ಕೆಲವರು ಹಾಳೆ ತಿರುಗಿಸಿ ಹಿಂದೆಯೂ ಬರೆದರು.

ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆತುಬಿಡುತ್ತಾರೆ, ಅದಕ್ಕೇ ಬರೆಸಬೇಕು ಅನ್ನುವವರೂ ಇದ್ದಾರೆ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತವರ ಸಂಗಡಿಗರು ಅಮೆರಿಕದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳಷ್ಟು ಕಲಿಕೆ ಹಿಂದೆ ಬೀಳುತ್ತದೆ ಎಂದಿದ್ದರು. ಓದಿಗಿಂತ ಗಣಿತದಲ್ಲಿ ಜಾಸ್ತಿ. ಆಮೇಲೆ ಬಂದವರು ಈ ಲೆಕ್ಕದ ಬಗ್ಗೆ ತಕರಾರು ಎತ್ತಿದ್ದಾರೆ, ಪರೀಕ್ಷೆಗಳು ಕಲಿಕೆಯನ್ನು ಅಳೆಯುವ ರೀತಿಯಲ್ಲೇ ದೋಷವಿತ್ತು ಅನ್ನುತ್ತಾರೆ. ಇರಲಿ. ವರ್ಷದ ಕೊನೇ ವಾರದಲ್ಲಿ ಬರೆಸಿದ ಒಂದು ಹಾಳೆಯಿಂದ ಆ ನಷ್ಟ ತುಂಬುತ್ತದೆ ಅಂತ ಯಾರೂ ಹೇಳಿಲ್ಲ. ನಾವು ಬರೆಸುವುದಾದರೆ ಬರೆಯುವುದರ ಸಲುವಾಗಿಯೇ ಬರೆಸಬೇಕು.

ಋ ಅಂದರೆ ಋಷಿ

ಆಮೇಲಿನ ವರ್ಷಗಳಲ್ಲಿ ಏನೇನೋ ಪ್ರಯೋಗ ಮಾಡಿದೆ. ಹೆಚ್ಚಿನವು ಮಕಾಡೆ ಮಲಗಿದವು. ‘ರಜೆಯ ಪೋಸ್ಟರ್’ ಅಂದೆ, ಎಲ್ಲರೂ ಸೂರ್ಯನಿಗೆ ಬಣ್ಣ ಹಾಕುತ್ತಾ ಕೂತರು, ಬರೆದದ್ದು ತಮ್ಮ ಹೆಸರು ಮಾತ್ರ. ‘ರಜೆಯ ದಿನಚರಿ’ ಅಂದೆ, ‘ಬೆಳಗ್ಗೆ ಎದ್ದು ಹಲ್ಲುಜ್ಜುತ್ತೇನೆ’ಯಿಂದ ಶುರುವಾಗಿ ‘ರಾತ್ರಿ ಮಲಗುತ್ತೇನೆ’ಗೆ ಮುಗಿಯಿತು. ಎಲ್ಲಕ್ಕಿಂತ ಚೆನ್ನಾಗಿ ಸೋತದ್ದು ‘ರಜೆಯ ವರ್ಣಮಾಲೆ’. ಅಂದರೆ ಅ ಇಂದ ಅಃ ತನಕ ಒಂದೊಂದು ಅಕ್ಷರಕ್ಕೂ ರಜೆಯಲ್ಲಿ ಮಾಡುವ ಒಂದು ಕೆಲಸ ಬರೆಯಬೇಕು. ಅ, ಆ, ಇ, ಈ ಎಲ್ಲ ಸಲೀಸಾಗಿ ಹೋದವು. ‘ಆಡುತ್ತೇನೆ’, ‘ಈಜಲು ಕಲಿಯುತ್ತೇನೆ’. ಋ ಬಂತು ನೋಡಿ. ಇಡೀ ತರಗತಿ ಗಪ್‌ಚುಪ್. ಹತ್ತು ನಿಮಿಷದ ಮೇಲೆ ಹಾಳೆಗಳನ್ನು ನೋಡಿದರೆ ಅರ್ಧಕ್ಕರ್ಧ ಮಕ್ಕಳು ಒಂದೇ ವಾಕ್ಯ ಬರೆದಿದ್ದರು: ‘ಋಷಿಯನ್ನು ನೋಡುತ್ತೇನೆ.’ ಒಂದನೇ ತರಗತಿಯ ಚಾರ್ಟಿನಲ್ಲಿ ಋ ಪಕ್ಕ ಗಡ್ಡ ಬಿಟ್ಟುಕೊಂಡು ಕೂತ ಋಷಿ ಯಾರನ್ನೂ ಬಿಟ್ಟಿರಲಿಲ್ಲ. ಒಬ್ಬ ಮಾತ್ರ ‘ಋಷಿ ಸಿಕ್ಕಿದರೆ ರಜೆ ಜಾಸ್ತಿ ಮಾಡಿ ಅಂತ ವರ ಕೇಳುತ್ತೇನೆ’ ಅಂತ ಬರೆದಿದ್ದ. ಅಃ ಎದುರಿಗೆ ಒಬ್ಬಳು ‘ಅಃ ಎಂದು ಮಲಗುತ್ತೇನೆ’ ಎಂದಿದ್ದಳು. ಆ ಎರಡು ಸಾಲಿಗಾಗಿ ನಾನು ಆ ಪ್ರಯೋಗವನ್ನು ಪೂರ್ತಿ ಬೈಯುವುದಿಲ್ಲ.

ಆ ‘ಸಿಕ್ಕಿದರೆ’ ನನ್ನ ಕಣ್ಣಿಗೆ ಬಿತ್ತು. ಉಳಿದ ವಾಕ್ಯಗಳೆಲ್ಲ ಗೋಡೆಗೆ ಅಂಟಿಸಿದಂತೆ ಸುಮ್ಮನೆ ನಿಂತಿದ್ದವು, ಇದೊಂದು ಮಾತ್ರ ಓಡಾಡುತ್ತಿತ್ತು. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದ ಒಂದು ಲೇಖನ ಈಗ ಬಹಳ ಹೆಸರುವಾಸಿ. ‘ಇದನ್ನು ಮಾಡುತ್ತೇನೆ’ ಅನ್ನುವ ಸಂಕಲ್ಪಕ್ಕಿಂತ ‘ಹೀಗಾದರೆ, ಆಗ ಇದನ್ನು ಮಾಡುತ್ತೇನೆ’ ಎಂದು ಸಂದರ್ಭಕ್ಕೆ ಗಂಟು ಹಾಕಿದ ಸಂಕಲ್ಪ ನಡೆಯುವ ಸಾಧ್ಯತೆ ಹೆಚ್ಚು ಅನ್ನುವುದು ಅದರ ಸಾರ. ಅವರು ಗುರಿ ಮುಟ್ಟುವ ಬಗ್ಗೆ ಹೇಳಿದ್ದು. ನನಗೆ ಅದು ವಾಕ್ಯದ ಪಾಠವಾಗಿ ಉಪಯೋಗಕ್ಕೆ ಬಂತು. ‘ದರೆ’ ಸೇರಿದ ಕೂಡಲೇ ಮಗುವಿನ ವಾಕ್ಯದೊಳಗೆ ಒಂದು ದಿನ, ಒಂದು ಜಾಗ, ಒಂದು ತೊಂದರೆ ಬಂದು ಕೂರುತ್ತದೆ. ‘ಕರೆಂಟ್ ಹೋದರೆ’, ‘ತಂಗಿ ಮಲಗಿದರೆ’, ‘ಅಣ್ಣ ಸೈಕಲ್ ಕೊಟ್ಟರೆ’. ಒಬ್ಬ ಹುಡುಗಿ ‘ಅಮ್ಮ ಫೋನಿನಲ್ಲಿ ಜಾಸ್ತಿ ಮಾತಾಡಿದರೆ ನಾನು ಮಂಚದ ಕೆಳಗೆ ಹೋಗಿ ನನ್ನ ಮನೆ ಮಾಡುತ್ತೇನೆ’ ಅಂತ ಬರೆದಿದ್ದಳು. ಹೋಟೆಲ್, ರೈಲು, ಫೋಟೋ ಇರುವ ಇಪ್ಪತ್ತು ಹಾಳೆಯನ್ನು ಈ ಒಂದು ಸಾಲಿಗೆ ನಾನು ಕೊಟ್ಟುಬಿಡುತ್ತೇನೆ.

ಹೀಗೆ ಪ್ರಶ್ನೆ ಸಣ್ಣದಾಗುತ್ತಾ ಬಂತು. ಎಲ್ಲಿಗೆ ಹೋಗುತ್ತೀಯಾ ಅನ್ನುವುದನ್ನು ಕೈಬಿಟ್ಟೆ. ಈಗ ಬೋರ್ಡಿನ ಮೇಲೆ ಬರೆಯುವುದು ಇಷ್ಟು: ‘ಯಾರನ್ನೂ ಕೇಳದೆ, ದುಡ್ಡಿಲ್ಲದೆ, ನೀನೊಬ್ಬನೇ ಅಥವಾ ನೀನೊಬ್ಬಳೇ ಮಾಡಬಹುದಾದ ಒಂದು ಕೆಲಸ. ಒಂದು ಮಧ್ಯಾಹ್ನಕ್ಕೆ ಸಾಕಾಗುವಷ್ಟು.’ ಮೊದಲ ವರ್ಷ ‘ಯಾರನ್ನೂ ಕೇಳದೆ’ ಅನ್ನುವುದನ್ನು ಕಂಡು ಇಬ್ಬರು ಪೋಷಕರು ಮುಖ ಗಂಟು ಹಾಕಿಕೊಂಡು ಬಂದರು. ಅದಕ್ಕೆ ಈಗ ‘ಅಪಾಯವಿಲ್ಲದ’ ಅಂತಲೂ ಸೇರಿಸಿದ್ದೇನೆ. ಮಕ್ಕಳು ಮೊದಲು ಪೆಚ್ಚಾಗುತ್ತಾರೆ. ಅಂಥದ್ದೊಂದು ಇದೆಯಾ ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಒಂದೊಂದೇ ಹೊರಗೆ ಬರುತ್ತವೆ. ಶಿಳ್ಳೆ ಹೊಡೆಯಲು ಕಲಿಯುವುದು. ಎಡಗೈಯಲ್ಲಿ ಹೆಸರು ಬರೆಯುವುದು. ಕಣ್ಣು ಮುಚ್ಚಿಕೊಂಡು ಮನೆಯೆಲ್ಲ ಓಡಾಡುವುದು. ನೆರಳು ಗೋಡೆಯ ಯಾವ ಗೆರೆಯಿಂದ ಯಾವ ಗೆರೆಗೆ ಹೋಗುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕುವುದು (ಗೋಡೆಯ ಮೇಲೆ ಪೆನ್ಸಿಲ್ ಅಂದರೆ ಯಾರನ್ನಾದರೂ ಕೇಳಲೇಬೇಕಾಗುತ್ತದೆ ಅಂತ ನಾನು ಹೇಳಲಿಲ್ಲ). ಒಬ್ಬ ‘ಏನೂ ಮಾಡದೆ ಕೂರುವುದು. ಎಷ್ಟು ಹೊತ್ತು ಕೂರಬಹುದು ಅಂತ ಗಡಿಯಾರ ನೋಡುವುದು’ ಅಂತ ಬರೆದಿದ್ದ. ಎಲ್ಲಿಗೂ ಹೋಗದಿರುವುದು ಇಲ್ಲಿ ಕೊರತೆಯೇ ಅಲ್ಲ. ಹೋಗುವವರಿಗೇ ಸ್ವಲ್ಪ ಅಡಚಣೆ!

ಓದುವವರು ಯಾರು?

ಇಷ್ಟಾದರೂ ಒಂದು ಹುಳುಕು ಉಳಿದಿತ್ತು. ಆ ಹಾಳೆಗಳು ಎಲ್ಲಿಗೆ ಹೋಗುತ್ತವೆ? ನಾನು ಕೆಂಪು ಪೆನ್ನಿನಲ್ಲಿ ಒಂದು ‘ಗುಡ್’ ಬರೆಯುತ್ತೇನೆ. ಸಂಜೆ ಅವು ಚೀಲಕ್ಕೆ ಹೋಗುತ್ತವೆ, ಚೀಲ ಎರಡು ತಿಂಗಳು ಅಟ್ಟದ ಮೇಲೆ. ಬರೆಸಿದ ಟೀಚರೇ ಪೂರ್ತಿ ಓದದ ಬರಹವನ್ನು ಮಗು ಯಾಕೆ ಜೀವ ಕೊಟ್ಟು ಬರೆಯಬೇಕು?

ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಒಬ್ಬ ಮೇಷ್ಟ್ರು ಉತ್ತರ ಹುಡುಕಿದ್ದರು. ಫ್ರಾನ್ಸಿನ ಸೆಲೆಸ್ಟಾಂ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ತರಗತಿಯಲ್ಲಿ ಬಹಳ ಹೊತ್ತು ಗಟ್ಟಿಯಾಗಿ ಮಾತಾಡಲು ಆಗದ ಸ್ಥಿತಿ. 1920ರಲ್ಲಿ ಒಂದು ಹಳ್ಳಿ ಶಾಲೆಗೆ ಬಂದರು. ಮಕ್ಕಳನ್ನು ಹೊರಗೆ ಸುತ್ತಾಡಿಸಿ, ಕಂಡದ್ದನ್ನು ಬಂದು ಬರೆಯಿಸುತ್ತಿದ್ದರು. ಬರೆದದ್ದು ಸಂಜೆಯ ಹೊತ್ತಿಗೆ ಬೋರ್ಡಿನಿಂದ ಅಳಿಸಿಹೋಗುತ್ತಿತ್ತು. 1920ರ ದಶಕದ ನಡುವಿನಲ್ಲಿ ಅವರು ಒಂದು ಪುಟ್ಟ ಕೈಮುದ್ರಣ ಯಂತ್ರ ತಂದು ತರಗತಿಯಲ್ಲಿಟ್ಟರು. ಮಕ್ಕಳೇ ಅಚ್ಚುಮೊಳೆ ಜೋಡಿಸಿ, ಮಸಿ ಬಳಿದು, ತಮ್ಮ ಬರಹವನ್ನು ತಾವೇ ಅಚ್ಚು ಹಾಕಬೇಕು. ಆ ಹಾಳೆಗಳು ಮನೆಗಳಿಗೆ ಹೋದವು. ದೂರದ ಇನ್ನೊಂದು ಶಾಲೆಗೆ ಅಂಚೆಯಲ್ಲೂ ಹೋದವು, ಅಲ್ಲಿನ ಮಕ್ಕಳು ಬರೆದದ್ದು ಇಲ್ಲಿಗೆ ಬಂತು. ಒಂದೊಂದು ಅಕ್ಷರವನ್ನೂ ಸೀಸದ ಮೊಳೆಯಾಗಿ ಕೈಯಲ್ಲಿ ಹಿಡಿದ ಮಗುವಿಗೆ ಸುಮ್ನೆ ಒಂದು ವಾಕ್ಯ ಜಾಸ್ತಿ ಬರೆಯುವ ಚಪಲ ಇರುವುದಿಲ್ಲ ಅಂತ ನನ್ನ ಊಹೆ. ಹತ್ತು ವಾಕ್ಯ ಬೇಕು ಅಂತ ಯಾರಾದರೂ ಅಂದಿದ್ದರೆ ಆ ಮಕ್ಕಳು ದಂಗೆ ಏಳುತ್ತಿದ್ದರು.

ನನ್ನ ತರಗತಿಯಲ್ಲಿ ಮುದ್ರಣ ಯಂತ್ರ ಇಲ್ಲ. ಜೆರಾಕ್ಸ್ ಯಂತ್ರವೇ ವಾರಕ್ಕೆ ಎರಡು ದಿನ ಕೆಟ್ಟಿರುತ್ತದೆ. ಆದರೆ ಓದುಗರನ್ನು ಹುಡುಕಲು ಯಂತ್ರ ಬೇಡ. ಒಂದು ವರ್ಷ ಮಕ್ಕಳಿಂದ ಮುಂದಿನ ವರ್ಷ ಇದೇ ಬೆಂಚಿನಲ್ಲಿ ಕೂರುವವರಿಗೆ ಪತ್ರ ಬರೆಸಿದೆ. ಅವು ಅದ್ಭುತವಾಗಿದ್ದವು, ನಾನು ಓದಬಾರದಾಗಿದ್ದ ವಿಷಯಗಳೂ ಇದ್ದವು. ‘ಈ ಬೆಂಚಿನ ಎಡಗಡೆ ಮೊಳೆ ಇದೆ, ಚಡ್ಡಿ ಹರಿಯುತ್ತದೆ.’ ‘ಟೀಚರ್ ಕನ್ನಡಕ ತೆಗೆದರೆ ಸಿಟ್ಟು ಬಂದಿದೆ ಅಂತ.’ ಆದರೆ ಇಲ್ಲಿ ನಾನು ಹೇಳಹೊರಟದ್ದು ರಜೆಯ ಬಗ್ಗೆ. ರಜೆಯ ಯೋಜನೆಯನ್ನು ನಿಜವಾದ ಕುತೂಹಲದಿಂದ ಓದುವವರು ಯಾರು? ಬಹಳ ಯೋಚಿಸಿದ ಮೇಲೆ ಹೊಳೆದದ್ದು, ರಜೆ ಮುಗಿಸಿ ಬಂದ ಅದೇ ಮಗು.

ಲಕೋಟೆ

ಹಾಗಾಗಿ ಈಗ ಹಾಳೆಗಳನ್ನು ನಾನು ತಿದ್ದುವುದಿಲ್ಲ, ಓದುವುದೂ ಇಲ್ಲ. ಮಗು ತಾನೇ ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಹೆಸರು ಬರೆಯುತ್ತದೆ. ಒಂದು ಹಳೇ ಶೂ ಡಬ್ಬದಲ್ಲಿ ಎಲ್ಲವನ್ನೂ ಜೋಡಿಸಿಟ್ಟು ಬೀರುವಿಗೆ ಬೀಗ ಹಾಕುತ್ತೇನೆ. ಬೀಗ ಹಾಕುವುದನ್ನು ಎಲ್ಲರೂ ನೋಡಬೇಕು, ಅದು ಮುಖ್ಯ. ರಜೆ ಮುಗಿದ ಮೊದಲ ವಾರ, ಅವರು ನಾಲ್ಕನೇ ತರಗತಿಯಲ್ಲಿ ಕೂತಿರುವಾಗ ನಾನು ಡಬ್ಬ ಹಿಡಿದು ಅಲ್ಲಿಗೆ ಹೋಗುತ್ತೇನೆ. ಲಕೋಟೆಯ ಜೊತೆ ಒಂದು ಖಾಲಿ ಹಾಳೆ ಕೊಡುತ್ತೇನೆ. ‘ಓದಿ. ಓದಿದ ಮೇಲೆ ಏನು ಬರೆಯಬೇಕು ಅನಿಸುತ್ತದೋ ಬರೆಯಿರಿ.’

ಎರಡು ತಿಂಗಳು ಮಕ್ಕಳ ಲೆಕ್ಕದಲ್ಲಿ ಬಹಳ ದೂರ. ತಮ್ಮದೇ ಕೈಬರಹ ನೋಡಿ ‘ಇದು ನಾನಾ?’ ಅನ್ನುತ್ತಾರೆ. ಕೆಲವರು ನಗುತ್ತಾರೆ. ಕೆಲವರು ಬೇಗ ಮಡಚಿಬಿಡುತ್ತಾರೆ. ಕಾಗುಣಿತ ತಪ್ಪನ್ನು ತಾವೇ ಕಂಡು, ನಾಚಿಕೊಂಡು, ಪೆನ್ಸಿಲ್ ತೆಗೆದು ತಿದ್ದುವವರೂ ಇದ್ದಾರೆ. ನಾನು ಕೆಂಪು ಪೆನ್ನಿನಲ್ಲಿ ವರ್ಷವಿಡೀ ಗುರುತು ಹಾಕಿದಾಗ ಕಾಣದ ತಪ್ಪು ಅದು. ಹಿಂದೆ ತಿರುಗಿ ನೋಡುವ ಅಭ್ಯಾಸ ಆಮೇಲೆ ಬರುತ್ತದೆ ಅಂದೆನಲ್ಲ, ಎರಡು ತಿಂಗಳು ಬೀರುವಿನಲ್ಲಿಟ್ಟರೆ ಸ್ವಲ್ಪ ಬೇಗ ಬರುತ್ತದೋ ಏನೋ.

ಅಂದುಕೊಂಡದ್ದನ್ನು ಮಾಡಿದವರು ಕಡಿಮೆ. ಇದಕ್ಕೆ ನನಗೆ ಬೇಸರವಿಲ್ಲ. ಯೋಜನೆ ಹಾಕುವಾಗ ಮನುಷ್ಯರು ಎಡವುವ ರೀತಿಗೆ ಕಾನ್‌ಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ, ‘ಯೋಜನೆಯ ಭ್ರಮೆ’ ಅನ್ನಬಹುದು. 1994ರ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಅಂತ ಕೇಳಿದರು. ಸರಾಸರಿ 33.9 ದಿನ ಅಂದರು. ಎಲ್ಲ ಕೆಟ್ಟದಾಗಿ ಹೋದರೆ? 48.6 ದಿನ ಅಂದರು. ನಿಜವಾಗಿ ಹಿಡಿದದ್ದು 55.5 ದಿನ. ಎಲ್ಲ ಕೆಟ್ಟು ಕೂತರೆ ಅಂತ ಹಾಕಿದ ಲೆಕ್ಕಕ್ಕಿಂತಲೂ ಒಂದು ವಾರ ಹೆಚ್ಚು! ನನ್ನ ಲಕೋಟೆಯನ್ನೂ ನಾನು ಡಬ್ಬದಲ್ಲಿ ಹಾಕುತ್ತೇನೆ. ಮೂರು ವರ್ಷದಿಂದ ಅದರಲ್ಲಿ ಒಂದೇ ಸಾಲು ಇದೆ, ಮನೆಯ ಹಳೇ ಫೋಟೋಗಳನ್ನು ವಿಂಗಡಿಸಿ ಇಡುತ್ತೇನೆ ಅಂತ. ಮಕ್ಕಳ ಮುಂದೆ ಗಟ್ಟಿಯಾಗಿ ಓದುತ್ತೇನೆ. ‘ಮತ್ತೆ ಮಾಡ್ಲಿಲ್ವಾ ಟೀಚರ್?’ ಅನ್ನುವಾಗ ಅವರ ಮುಖದಲ್ಲಿ ಎಂಥ ಸಂತೋಷ ಅಂತೀರಿ.

ಆಗದ್ದರ ಬಗ್ಗೆ ಬರೆದದ್ದೇ ಉದ್ದವಾಗಿರುತ್ತದೆ, ಇದು ನಾನು ನಿರೀಕ್ಷಿಸಿರಲಿಲ್ಲ. ‘ಶಿಳ್ಳೆ ಕಲಿತೆ’ ಅನ್ನುವವಳು ಒಂದೇ ಸಾಲು ಬರೆದು, ಹೊಡೆದು ತೋರಿಸಿ, ಕೂರುತ್ತಾಳೆ. ಆಗದವರು ಯಾಕೆ ಆಗಲಿಲ್ಲ ಅಂತ ಹೇಳಬೇಕಲ್ಲ, ಅಲ್ಲಿ ಕಥೆ ಹುಟ್ಟುತ್ತದೆ.

ಹಿಂದಿನ ವರ್ಷ ಒಬ್ಬ ಹುಡುಗ ಲಕೋಟೆ ಒಡೆದು ಓದಿ, ಬಹಳ ಹೊತ್ತು ಸುಮ್ಮನಿದ್ದ. ಹಾಳೆಯಲ್ಲಿ ಇದ್ದದ್ದು: ‘ನಮ್ಮ ಮನೆ ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇನೆ.’ ಆಮೇಲೆ ಬರೆಯಲು ಕೂತವನು ಬೆಲ್ ಹೊಡೆಯುವ ತನಕ ತಲೆ ಎತ್ತಲಿಲ್ಲ. ಒಂದೂವರೆ ಪುಟ. ಅಂಚಿನಲ್ಲಿ ಒಂದೂ ಅಂಕೆ ಇರಲಿಲ್ಲ. ಮರುದಿನ ಓದುತ್ತೇನೆ ಅಂದ, ಓದಿದ. ಬಾಗಿಲ ಮೂಲೆಯಿಂದ ಸಾಲು ಶುರುವಾಗುತ್ತದೆ. ಕಿಟಕಿಯ ಕೆಳಗೆ ಬಂದಾಗ ಬಗ್ಗುತ್ತದೆ. ಅಲ್ಲಿ ಗೋಡೆಯ ಸುಣ್ಣ ಎದ್ದಿದೆ, ಅದರ ಮೇಲೆ ಇರುವೆ ಹತ್ತುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ. ಅವನು ದಾರಿಯಲ್ಲಿ ಬೆರಳಿನಿಂದ ಒಂದು ಗೆರೆ ಎಳೆದ. ಇರುವೆಗಳು ಅಲ್ಲಿಗೆ ಬಂದು ನಿಂತವು. ಆಚೆ ಈಚೆ ಓಡಾಡಿ, ಸ್ವಲ್ಪ ಹೊತ್ತಿನ ಮೇಲೆ ದಾಟಿದವು. (ಇರುವೆಗಳು ವಾಸನೆಯ ಜಾಡು ಹಿಡಿದು ನಡೆಯುತ್ತವೆ, ಬೆರಳಿನಿಂದ ಒರೆಸಿದರೆ ಜಾಡು ತಪ್ಪುತ್ತದೆ. ಅವನಿಗೆ ಅದು ಗೊತ್ತಿರಲಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ, ಕಷ್ಟಪಟ್ಟು.) ಆಮೇಲೆ ಸಾಲು ದೊಡ್ಡ ಬೀರುವಿನ ಹಿಂದೆ ಹೋಯಿತು. ಇನ್ನೊಂದು ಕಡೆಯಿಂದ ಹೊರಗೆ ಬರಲಿಲ್ಲ. ಎರಡು ದಿನ ಕಾದ. ಬೀರು ಸರಿಸಿ ಅಂತ ಅಮ್ಮನನ್ನು ಕೇಳಿದ, ಅಜ್ಜನನ್ನು ಕೇಳಿದ, ಯಾರೂ ಒಪ್ಪಲಿಲ್ಲ. ಕೊನೆಯ ಮೂರು ಸಾಲು ಹೀಗಿದ್ದವು: ‘ರಾತ್ರಿ ಅಪ್ಪ ಟಾರ್ಚ್ ಹಾಕಿ ಬೀರುವಿನ ಹಿಂದೆ ನೋಡಿದರು. ನಾನೂ ನೋಡಿದೆ. ಅಪ್ಪನಿಗೂ ಗೊತ್ತಾಗಲಿಲ್ಲ.’

ಓದಿ ಮುಗಿಸಿ ಕೂತ. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, ‘ಬೀರುವಿನ ಕೆಳಗೆ ಕಾಲು ಇದೆಯಾ, ಇಲ್ಲಾ ನೆಲಕ್ಕೆ ಅಂಟಿಕೊಂಡಿದೆಯಾ?’ ಕಾಲು ಇದೆ ಅಂದ. ‘ಹಾಗಾದ್ರೆ ಕೆಳಗಿಂದ ಕನ್ನಡಿ ತಳ್ಳಿ ನೋಡಬಹುದಿತ್ತಲ್ಲ’ ಅಂದಳು. ಅವನು ಬಾಯಿ ತೆರೆದು ಅವಳನ್ನೇ ನೋಡಿದ. ಮತ್ತೊಬ್ಬ, ಕನ್ನಡಿಗೆ ಬೆಳಕು ಬೇಕು, ಟಾರ್ಚ್ ಮೇಲಿಂದ ಹಿಡಿಯಬೇಕು ಅಂದ. ಆಗ ಅವನು ತನ್ನ ಹಾಳೆಯನ್ನು ಮತ್ತೆ ಬಿಡಿಸಿ, ಕೊನೆಯ ಸಾಲಿನ ಕೆಳಗೆ ಏನೋ ಬರೆದುಕೊಳ್ಳತೊಡಗಿದ.